ಮಿತ್ರನ ಕೈಗೆ ಕೊಟ್ಟ ಮೋಟಾರು

ಕನ್ನಡದಲ್ಲಿ ‘ಕೊಡು’ ಎಂಬ ಧಾತುವಿನಷ್ಟು ಉದಾರವಾದ ಮಾತು ಮತ್ತೊಂದಿರಲಾರದು. ಹೆಣ್ಣು ಕೊಡುತ್ತೇವೆ, ಸಾಲ ಕೊಡುತ್ತೇವೆ, ಮಾತು ಕೊಡುತ್ತೇವೆ, ಸಮಯ ಬಂದರೆ ಕೈ ಕೊಡುತ್ತೇವೆ. ‘ನಮ್ಮ ಕಾರನ್ನು ಗೆಳೆಯನಿಗೆ ಕೊಟ್ಟೆವು’ ಎಂದು ಯಾರಾದರೂ ಹೇಳಿದರೆ, ಅದು ಎರಡು ದಿನದ ಎರವಲೋ, ಬೆಲೆಗೆ ಮಾರಿದ್ದೋ, ಸ್ನೇಹಕ್ಕಾಗಿ ಸುಮ್ಮನೆ ಕೊಟ್ಟುಬಿಟ್ಟದ್ದೋ, ಆ ಒಂದು ಕ್ರಿಯಾಪದದಿಂದ ತಿಳಿಯುವುದಿಲ್ಲ. ಮನೆಯ ಜಗಲಿಯ ಮೇಲೆ ಕುಳಿತು ಆಡುವ ಮಾತಿನಲ್ಲಿ ಈ ಅಸ್ಪಷ್ಟತೆಯಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಆ ಕಾರು ದಾರಿಯಲ್ಲಿ ಒಬ್ಬ ಮನುಷ್ಯನಿಗೆ ತಗುಲಿದ ಮರುಕ್ಷಣದಲ್ಲಿ, ಕೊಟ್ಟೆವು ಎಂದರೆ ಏನು ಕೊಟ್ಟಿರಿ, ಯಾರಿಗೆ ಕೊಟ್ಟಿರಿ, ಯಾವ ಕಾಗದದ ಮೇಲೆ ಕೊಟ್ಟಿರಿ ಎಂಬ ಪ್ರಶ್ನೆಗಳು ಒಂದರ ಹಿಂದೆ ಒಂದಾಗಿ ಏಳುತ್ತವೆ. ಆ ಪ್ರಶ್ನೆಗಳಿಗೆ ನಮ್ಮ ದೇಶದ ಕಾಯಿದೆಯು ಕೊಡತಕ್ಕ ಉತ್ತರಗಳನ್ನು ಈ ಹೊತ್ತು ವಿಚಾರ ಮಾಡೋಣ.

ನಾವು ಈ ವಿಷಯವನ್ನು ವಕೀಲರಿಗಾಗಿ ಹೇಳುತ್ತಿಲ್ಲ. ಅವರಿಗೆ ಇದೆಲ್ಲವೂ ಕರತಲಾಮಲಕ. ಮನೆಯ ಮುಂದೆ ಒಂದು ಕಾರನ್ನು ನಿಲ್ಲಿಸಿಕೊಂಡಿರುವ, ಗೆಳೆಯನು ಬಂದು ಕೇಳಿದರೆ ಇಲ್ಲವೆನ್ನಲು ನಾಲಗೆ ಬಾರದಿರುವ, ನಮ್ಮ ನಿಮ್ಮಂಥವರಿಗಾಗಿ ಹೇಳುತ್ತಿದ್ದೇವೆ.

ತರ್ಕಶಾಸ್ತ್ರದವರ ಹಳೆಯ ಪದ್ಧತಿಯಂತೆ ದೇವದತ್ತ ಯಜ್ಞದತ್ತರನ್ನೇ ಕರೆದುಕೊಳ್ಳೋಣ. ದೇವದತ್ತನು ಮಂಡ್ಯದಲ್ಲಿ ಒಂದು ಕಾರುಳ್ಳ ಗೃಹಸ್ಥ. ಯಜ್ಞದತ್ತನು ಅವನ ಬಾಲ್ಯಮಿತ್ರ. ಮಳವಳ್ಳಿಯಲ್ಲಿ ಬಂಧುಗಳ ಮನೆಯಲ್ಲಿ ಮದುವೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಬೇಕು. ಒಂದು ದಿನದ ಮಟ್ಟಿಗೆ ಕಾರು ಬೇಕೆಂದು ಕೇಳುತ್ತಾನೆ. ದೇವದತ್ತನು ಕೀಲಿಕೈಯನ್ನು ಕೊಟ್ಟು, ‘ನಿಧಾನವಾಗಿ ಹೋಗಿ ಬಾ’ ಎಂದು ಹರಸಿ ಕಳುಹಿಸುತ್ತಾನೆ. ಮಂಡ್ಯದಿಂದ ಮದ್ದೂರಿಗೆ ಬೆಂಗಳೂರು-ಮೈಸೂರು ಹೆದ್ದಾರಿ. ೨೦೨೩ನೆಯ ಮಾರ್ಚಿಯಲ್ಲಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟಿತವಾದ ವಿಸ್ತಾರವಾದ ರಸ್ತೆ. ಮದ್ದೂರಿನಲ್ಲಿ ಬಲಕ್ಕೆ ತಿರುಗಿ ಕೆ. ಎಂ. ದೊಡ್ಡಿಯ ಮೇಲೆ ಮಳವಳ್ಳಿಗೆ ಹೋಗುವ ದಾರಿಯು ಹಾಗಲ್ಲ. ಇಕ್ಕೆಲದಲ್ಲಿಯೂ ಗದ್ದೆ, ಕಬ್ಬಿನ ತೋಟ. ಕಬ್ಬು ಅರೆಯುವ ಕಾಲದಲ್ಲಿ ಹಿಂದೆ ದೀಪವಿಲ್ಲದ ಗಾಡಿಗಳು, ಮೇರೆ ಮೀರಿ ಹೇರಿದ ಟ್ರಾಕ್ಟರುಗಳು. ಸಂಜೆಯ ಮಬ್ಬಿನಲ್ಲಿ, ಗದ್ದೆಯ ಕೆಲಸವನ್ನು ಮುಗಿಸಿ ಬೈಸಿಕಲ್ಲಿನ ಮೇಲೆ ಮನೆಗೆ ಮರಳುತ್ತಿದ್ದ ಒಬ್ಬ ರೈತನಿಗೆ ಕಾರು ತಗುಲುತ್ತದೆ. ಅವನ ಕಾಲು ಮುರಿಯುತ್ತದೆ. ಇದು ಕಲ್ಪಿತವಾದ ಸನ್ನಿವೇಶ. ಆದರೆ ಇಂಥದು ಯಾವ ಸಂಜೆಯಾದರೂ ಯಾವ ದಾರಿಯಲ್ಲಾದರೂ ನಡೆಯಬಹುದಾದದ್ದೆಂದು ಹೇಳಬೇಕಾದುದಿಲ್ಲ.

ಈಗ ಮೂರು ಪ್ರಶ್ನೆಗಳು. ಕಾಲು ಮುರಿದ ರೈತನಿಗೆ ಪರಿಹಾರವನ್ನು ಕೊಡಬೇಕಾದವರು ಯಾರು? ಮಂಡ್ಯದ ಮನೆಯಲ್ಲಿ ಕುಳಿತಿದ್ದ ದೇವದತ್ತನಿಗೆ ದಂಡನೆಯೇನಾದರೂ ಉಂಟೆ? ರೈತನ ಬದಲು ಯಜ್ಞದತ್ತನೇ ಪೆಟ್ಟು ತಿಂದಿದ್ದರೆ ಅವನ ಸಂಸಾರಕ್ಕೆ ದಿಕ್ಕು ಯಾರು?

ಮೊದಲನೆಯ ಪ್ರಶ್ನೆಗೆ ಹಳೆಯ ನ್ಯಾಯತತ್ತ್ವವು ಕೊಡುವ ಉತ್ತರವು ದೇವದತ್ತನಿಗೆ ಬಹಳ ಅನುಕೂಲವಾದದ್ದು. ಒಬ್ಬನ ತಪ್ಪಿಗೆ ಅವನೇ ಹೊಣೆ. ವಸ್ತುವಿನ ಒಡೆತನ ಮಾತ್ರದಿಂದ ಒಡೆಯನು ಹೊಣೆಯಾಗುವುದಿಲ್ಲ. ಓಡಿಸಿದವನು ಒಡೆಯನ ಸೇವಕನಾಗಿರಬೇಕು, ಇಲ್ಲವೆ ಒಡೆಯನ ಕೆಲಸಕ್ಕಾಗಿ ಅವನ ಪರವಾಗಿ ಓಡಿಸುತ್ತಿರಬೇಕು. ಆಗ ಮಾತ್ರ ಹೊಣೆಯು ಒಡೆಯನ ಮೇಲೆ ಬರುತ್ತದೆ. ಇಂಗ್ಲೆಂಡಿನ ಎರಡು ಮೊಕದ್ದಮೆಗಳಿಂದ ಈ ಭೇದವು ಸ್ಪಷ್ಟವಾಗುತ್ತದೆ. ೧೯೫೩ರಲ್ಲಿ ತೀರ್ಮಾನವಾದ ಒಂದರಲ್ಲಿ, ಕಾರಿನ ಒಡೆಯನು ತನ್ನ ಗಾಡಿಯನ್ನು ಮಾಂಟೆ ಕಾರ್ಲೋ ಪಟ್ಟಣದವರೆಗೆ ಓಡಿಸಿಕೊಂಡು ಬರುವಂತೆ ಮಿತ್ರನಿಗೆ ಹೇಳಿದ್ದನು. ಅಲ್ಲಿಂದ ಮುಂದೆ ಇಬ್ಬರೂ ಅದರಲ್ಲಿ ವಿಹಾರ ಹೋಗುವುದೆಂದು ಏರ್ಪಾಡು. ದಾರಿಯಲ್ಲಿ ಅದು ಒಂದು ಬಸ್ಸಿಗೆ ತಗುಲಿತು. ಮಿತ್ರನ ಪ್ರಯಾಣದಲ್ಲಿ ಒಡೆಯನ ಪ್ರಯೋಜನವೂ ಸೇರಿದ್ದುದರಿಂದ ಒಡೆಯನು ಹೊಣೆಯೆಂದು ನ್ಯಾಯಾಲಯವು ನಿರ್ಣಯಿಸಿತು. ೧೯೭೨ರಲ್ಲಿ ಪ್ರಭುಸಭೆಯ ಮುಂದೆ ಬಂದ ಇನ್ನೊಂದರಲ್ಲಿ, ಹೆಂಡತಿಯ ಕಾರನ್ನು ಗಂಡನು ಕೊಂಡುಹೋಗಿ, ಮದ್ಯಪಾನ ಮಾಡಿದ್ದುದರಿಂದ ಸ್ನೇಹಿತನೊಬ್ಬನ ಕೈಗೆ ಒಪ್ಪಿಸಿದ್ದನು, ಅಪಘಾತವಾಯಿತು. ಆ ಪ್ರಯಾಣವು ಹೆಂಡತಿಯ ಕೆಲಸಕ್ಕಾಗಿ ನಡೆದದ್ದಲ್ಲವಾದ ಕಾರಣ ಅವಳು ಹೊಣೆಯಲ್ಲವೆಂದಾಯಿತು. ನಮ್ಮ ಸುಪ್ರೀಂ ಕೋರ್ಟು ಕೂಡ ೧೯೬೬ರ ಒಂದು ನಿರ್ಣಯದಲ್ಲಿ, ಟ್ಯಾಕ್ಸಿಯನ್ನು ನಡೆಸಲು ಒಡೆಯನು ನೇಮಿಸಿದವನು ಅದನ್ನು ಮತ್ತೊಬ್ಬನಿಗೆ ಚಾಲನೆಯ ಪರೀಕ್ಷೆಗೆಂದು ಕೊಟ್ಟಾಗ ನಡೆದ ಅಪಘಾತಕ್ಕೆ ಒಡೆಯನು ಹೊಣೆಯಲ್ಲವೆಂದು ಹೇಳಿತು. ಏಕೆಂದರೆ ಅದು ಒಡೆಯನ ಕೆಲಸವಾಗಿರಲಿಲ್ಲ.

ಈ ತತ್ತ್ವವನ್ನೇ ಹಿಡಿದರೆ, ಯಜ್ಞದತ್ತನು ಹೋದದ್ದು ತನ್ನ ಬಂಧುಗಳ ಮದುವೆಗೆ, ದೇವದತ್ತನ ಕೆಲಸಕ್ಕಲ್ಲ. ದೇವದತ್ತನು ನಿರಾಳವಾಗಿ ಕುಳಿತಿರಬಹುದು. ಆದರೆ ಅಲ್ಲಿ ಗದ್ದೆಯ ಬದಿಯಲ್ಲಿ ಬಿದ್ದವನ ಕಡೆಗೆ ಒಮ್ಮೆ ತಿರುಗಿ ನೋಡಬೇಡವೆ? ಯಜ್ಞದತ್ತನ ಕೈಯಲ್ಲಿ ಹಣವಿಲ್ಲದಿದ್ದರೆ, ಅವನ ಮೇಲೆ ಪಡೆದ ಡಿಕ್ರಿಯಿಂದ ರೈತನು ಮಾಡುವುದೇನು? ಆ ಕಾಗದವನ್ನು ಮುರಿದ ಕಾಲಿಗೆ ಕಟ್ಟಿಕೊಳ್ಳಲಾದೀತೆ? ಮೋಟಾರು ಗಾಡಿಗಳು ಹೆಚ್ಚಿದ ದೇಶಗಳಲ್ಲೆಲ್ಲ ಈ ಪ್ರಶ್ನೆ ಹುಟ್ಟಿತು. ಉತ್ತರವಾಗಿ ಬಂದದ್ದು ಕಡ್ಡಾಯದ ವಿಮೆ. ಗಾಡಿಯನ್ನು ರಸ್ತೆಗೆ ಇಳಿಸಬೇಕಾದರೆ, ಅದರಿಂದ ಪೆಟ್ಟು ತಿನ್ನಬಹುದಾದ ಅನ್ಯರಿಗಾಗಿ ಮೊದಲೇ ವಿಮೆ ಮಾಡಿಸಿರತಕ್ಕದ್ದು ಎಂಬ ನಿಯಮವನ್ನು ಇಂಗ್ಲೆಂಡು ೧೯೩೦ರಲ್ಲಿ ಮಾಡಿತು.

ಆ ನಿಯಮವು ಬಂದ ಕೆಲವೇ ವರ್ಷಗಳಲ್ಲಿ ನಮ್ಮ ಇಂದಿನ ವಿಷಯಕ್ಕೆ ತಕ್ಕ ಮೊಕದ್ದಮೆಯೊಂದು ನಡೆಯಿತು. ೧೯೩೫ರ ಕಾನೂನು ವರದಿಗಳಲ್ಲಿ ಅದು ಮಾಂಕ್-ವಾರ್ಬಿ ಮೊಕದ್ದಮೆಯೆಂದು ಪ್ರಸಿದ್ಧವಾಗಿದೆ. ಒಬ್ಬ ಗೃಹಸ್ಥನು ತನ್ನ ಕಾರನ್ನು ಪರಿಚಿತನೊಬ್ಬನಿಗೆ ಎರವಲು ಕೊಟ್ಟನು. ಒಡೆಯನ ವಿಮೆಯು ಒಡೆಯನು ಓಡಿಸುವುದಕ್ಕೆ ಅನ್ವಯಿಸುತ್ತಿತ್ತೇ ಹೊರತು ಎರವಲು ಪಡೆದವರಿಗೆ ಅನ್ವಯಿಸುತ್ತಿರಲಿಲ್ಲ. ಅಪಘಾತದಲ್ಲಿ ಗಾಯಗೊಂಡವನು, ಕಾರು ಓಡಿಸಿದವರಲ್ಲಿ ಹಣವಿಲ್ಲದ್ದನ್ನು ಕಂಡು, ಒಡೆಯನ ಮೇಲೆಯೇ ದಾವೆ ಹೂಡಿದನು. ‘ಓಡಿಸಿದವನು ನನ್ನ ಸೇವಕನಲ್ಲ’ ಎಂಬ ಹಳೆಯ ಉತ್ತರವು ಅಲ್ಲಿ ಸಾಲಲಿಲ್ಲ. ವಿಮೆಯಿಲ್ಲದವನ ಕೈಗೆ ಗಾಡಿಯನ್ನು ಕೊಟ್ಟದ್ದೇ ಶಾಸನದ ಉಲ್ಲಂಘನೆ. ಆ ಉಲ್ಲಂಘನೆಯಿಂದ ನಷ್ಟಪಟ್ಟವನಿಗೆ ಒಡೆಯನು ಪರಿಹಾರ ಕೊಡಬೇಕೆಂದು ತೀರ್ಪಾಯಿತು. ಒಡೆಯನ ತಪ್ಪು ಚಕ್ರದ ಹಿಂದೆ ನಡೆದದ್ದಲ್ಲ, ಕೀಲಿಕೈಯನ್ನು ಕೊಟ್ಟಾಗಲೇ ನಡೆದುಹೋದದ್ದು ಎಂಬುದು ಈ ತೀರ್ಪಿನ ಸಾರ.

ನಮ್ಮ ದೇಶದಲ್ಲಿ ಕಡ್ಡಾಯ ವಿಮೆಯ ಅಧ್ಯಾಯವು ೧೯೩೯ರ ಮೋಟಾರು ವಾಹನಗಳ ಕಾಯಿದೆಯಲ್ಲಿ ಸೇರಿ, ೧೯೪೬ನೆಯ ಜುಲೈ ೧ರಿಂದ ಜಾರಿಗೆ ಬಂದಿತು. ಆ ಕಾಯಿದೆಯ ಸ್ಥಾನದಲ್ಲಿ ಈಗ ಇರುವುದು ೧೯೮೮ರ ಕಾಯಿದೆ. ೨೦೧೯ರಲ್ಲಿ ಅದಕ್ಕೆ ಮುಖ್ಯವಾದ ತಿದ್ದುಪಡಿಗಳಾದವು. ಅದರ ೧೪೬ನೆಯ ಕಲಮಿನ ಪ್ರಕಾರ, ಅನ್ಯರ ಹಾನಿಗೆ ವಿಮೆಯಿಲ್ಲದ ಗಾಡಿಯನ್ನು ಸಾರ್ವಜನಿಕ ಸ್ಥಳದಲ್ಲಿ ತಾನು ಓಡಿಸುವಂತಿಲ್ಲ, ಬೇರೆಯವರು ಓಡಿಸಲು ಬಿಡುವಂತೆಯೂ ಇಲ್ಲ. ಮೀರಿದರೆ ಮೊದಲನೆಯ ಸಾರಿ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ ೨,೦೦೦ ರೂಪಾಯಿ ಜುಲ್ಮಾನೆ, ಇಲ್ಲವೆ ಎರಡೂ. ಈ ಶಿಕ್ಷೆಯು ಓಡಿಸಿದವನಿಗೆ ಮಾತ್ರವಲ್ಲ, ಓಡಿಸಗೊಟ್ಟವನಿಗೂ ಉಂಟೆಂಬುದನ್ನು ಗಮನಿಸಬೇಕು.

ವಿಮೆಯು ಊರ್ಜಿತವಾಗಿದ್ದರೆ ದೇವದತ್ತನ ಸ್ಥಿತಿಯು ಬಹುಮಟ್ಟಿಗೆ ಕ್ಷೇಮವಾದದ್ದು. ನಮ್ಮ ದೇಶದ ಸಾಮಾನ್ಯ ವಿಮಾಪತ್ರವು ಒಡೆಯನೊಬ್ಬನಿಗೇ ಅಂಟಿಕೊಂಡದ್ದಲ್ಲ. ಒಡೆಯನ ಒಪ್ಪಿಗೆಯಿಂದ, ಸರಿಯಾದ ಲೈಸೆನ್ಸು ಪಡೆದು ಓಡಿಸುವ ಮಿತ್ರನಿಗೂ ಅದರ ನೆರಳುಂಟು. ರೈತನು ತಾನಿರುವ ಸ್ಥಳಕ್ಕೆ ಸಂಬಂಧಪಟ್ಟ ಮೋಟಾರು ಅಪಘಾತ ನ್ಯಾಯಮಂಡಲಿಗೆ ಅರ್ಜಿ ಹಾಕಿಕೊಳ್ಳಬಹುದು. ಅಲ್ಲಿ ಚಾಲಕ, ಒಡೆಯ, ವಿಮಾ ಕಂಪನಿ ಈ ಮೂವರನ್ನೂ ಪ್ರತಿವಾದಿಗಳನ್ನಾಗಿ ಕರೆಯುವುದು ರೂಢಿ. ಹಣವನ್ನು ಕೊಡುವ ಭಾರವು ಕೊನೆಗೆ ವಿಮಾ ಕಂಪನಿಯ ಮೇಲೆ ಬೀಳುತ್ತದೆ. ಅಷ್ಟರಿಂದ ರೈತನ ಕಾಲು ಮೊದಲಿನಂತಾಗದಿದ್ದರೂ, ಅವನ ಮನೆಯ ಒಲೆ ಆರದಂತಾದರೂ ಆಗುತ್ತದೆ.

ಆದರೆ ಈ ನೆರಳಿಗೆ ಎಲ್ಲೆಗಳುಂಟು. ಮೊದಲನೆಯದು ಲೈಸೆನ್ಸು. ಗೆಳೆಯನಿಗೆ ಲೈಸೆನ್ಸು ಇಲ್ಲದಿದ್ದರೆ, ಅಥವಾ ಆ ಬಗೆಯ ಗಾಡಿಗೆ ಅದು ಸಲ್ಲದಿದ್ದರೆ, ವಿಮಾ ಕಂಪನಿಯು ತಕರಾರು ಹೂಡಬಹುದು. ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ ೨೦೦೪ರ ನಿರ್ಣಯವೊಂದು ಪ್ರಸಿದ್ಧವಾಗಿದೆ. ಲೈಸೆನ್ಸು ಇರಲಿಲ್ಲವೆಂದು ತೋರಿಸಿದರೆ ಮಾತ್ರ ಕಂಪನಿಯು ಬಿಡುಗಡೆ ಹೊಂದುವುದಿಲ್ಲ; ಒಡೆಯನು ತಿಳಿದೋ, ತಕ್ಕ ಎಚ್ಚರಿಕೆ ವಹಿಸದೆಯೋ ಗಾಡಿಯನ್ನು ಕೊಟ್ಟನೆಂದು ಸ್ಥಾಪಿಸಬೇಕು; ಸ್ಥಾಪಿಸಿದರೂ, ಗಾಯಗೊಂಡ ಅನ್ಯನಿಗೆ ಕಂಪನಿಯು ಮೊದಲು ಹಣ ತೆತ್ತು ಅನಂತರ ಅದನ್ನು ಒಡೆಯನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಮಂಡಲಿಯು ಅಪ್ಪಣೆ ಕೊಡಬಹುದು. ಹೀಗೆ ರೈತನಿಗೆ ರಕ್ಷಣೆ ದೊರೆಯುವ ದಾರಿಯೇ ದೇವದತ್ತನ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಇಷ್ಟಾದರೂ ಒಡೆಯನಿಂದ ಕಾಯಿದೆಯು ಅಸಾಧ್ಯವಾದದ್ದನ್ನು ಕೇಳುವುದಿಲ್ಲ. ೨೦೦೩ರ ಇನ್ನೊಂದು ನಿರ್ಣಯದಲ್ಲಿ, ಕೆಲಸಕ್ಕಿಟ್ಟುಕೊಳ್ಳುವ ಚಾಲಕನು ತೋರಿಸಿದ ಲೈಸೆನ್ಸು ನೋಟಕ್ಕೆ ನಿಜವಾಗಿದ್ದು, ಅವನು ಚೆನ್ನಾಗಿ ಓಡಿಸುವುದನ್ನೂ ಒಡೆಯನು ಕಂಡಿದ್ದರೆ ಸಾಕು, ಅವನು ಸಾರಿಗೆ ಕಚೇರಿಗೆ ಹೋಗಿ ವಿಚಾರಿಸಬೇಕಾದುದಿಲ್ಲವೆಂದು ಅದೇ ನ್ಯಾಯಾಲಯವು ಹೇಳಿತು. ಕಾಯಿದೆಯು ಬೇಡುವುದು ಪತ್ತೇದಾರಿಕೆಯನ್ನಲ್ಲ; ಒಂದು ನೋಟವನ್ನು. ಆ ನೋಟವನ್ನೇ ನಾವು ಸಂಕೋಚದಿಂದ ಬಿಟ್ಟುಬಿಡುತ್ತೇವೆ. ಬಾಲ್ಯಮಿತ್ರನನ್ನು ‘ಲೈಸೆನ್ಸು ತೋರಿಸು’ ಎನ್ನುವುದು ಹೇಗೆ? ನಮ್ಮಲ್ಲಿ ಎಷ್ಟು ಮಂದಿ ಎಂದಾದರೂ ಹಾಗೆ ಕೇಳಿದ್ದೇವೆ?

ಎರಡನೆಯ ಎಲ್ಲೆ, ಉಪಯೋಗದ್ದು. ಸ್ವಂತಕ್ಕೆಂದು ನೋಂದಾಯಿಸಿದ ಕಾರನ್ನು ಬಾಡಿಗೆಗೆ ಓಡಿಸಿದರೆ ವಿಮೆಯ ಕರಾರು ಮುರಿಯುತ್ತದೆ. ಯಜ್ಞದತ್ತನು ಮದ್ದೂರಿನಲ್ಲಿ ಮದುವೆಯ ಜನರನ್ನು ತಲೆಗಿಷ್ಟೆಂದು ಹತ್ತಿಸಿಕೊಂಡರೆ, ಆ ಪುಡಿಗಾಸು ದೇವದತ್ತನಿಗೆ ದುಬಾರಿಯಾದೀತು. ಮೂರನೆಯದು ಮದ್ಯ. ಅದನ್ನು ಕುಡಿದು ಓಡಿಸಿದುದನ್ನು ವಿಮಾ ಕಂಪನಿಯು ಮುಂದೊಡ್ಡಬಹುದಾದ ಪ್ರತಿವಾದಗಳಲ್ಲಿ ೨೦೧೯ರ ತಿದ್ದುಪಡಿಯು ಸೇರಿಸಿದೆ. ನಾಲ್ಕನೆಯ ಎಲ್ಲೆಯು ಕಾರಿನೊಳಗೆ ಕುಳಿತವರಿಗೆ ಸಂಬಂಧಪಟ್ಟದ್ದು. ಕಾಯಿದೆಯು ಕಡ್ಡಾಯಗೊಳಿಸಿರುವ ಕನಿಷ್ಠ ವಿಮೆಯು ರಸ್ತೆಯಲ್ಲಿರುವ ಅನ್ಯರಿಗಾಗಿ. ಸ್ವಂತ ಕಾರಿನಲ್ಲಿ ಪುಕ್ಕಟೆಯಾಗಿ ಕುಳಿತ ನೆಂಟರಿಷ್ಟರಿಗೆ ಅದು ಸಾಲದು. ಸಮಗ್ರ ವಿಮೆಯಿದ್ದರೆ ಅವರಿಗೂ ರಕ್ಷಣೆಯುಂಟೆಂಬುದು ೨೦೧೨ರ ಸುಪ್ರೀಂ ಕೋರ್ಟಿನ ನಿರ್ಣಯದಲ್ಲಿ ವಿಶದವಾಗಿದೆ. ಕಾರಿಗೇ ಆದ ಜಖಮ್ಮಿನ ವಿಷಯವೂ ಹೀಗೆಯೇ. ಸಮಗ್ರ ವಿಮೆಯಿಲ್ಲದಿದ್ದರೆ ಅದರ ರಿಪೇರಿಯ ಖರ್ಚು ಮಿತ್ರರಿಬ್ಬರ ನಡುವೆಯೇ ತೀರಬೇಕು.

ಎರಡನೆಯ ಪ್ರಶ್ನೆ ದಂಡನೆಯದು. ಅಜಾಗರೂಕತೆಯಿಂದ ಓಡಿಸಿದ ಅಪರಾಧವು ಓಡಿಸಿದವನದೇ; ಅದಕ್ಕಾಗಿ ಒಡೆಯನನ್ನು ಸೆರೆಗೆ ಕಳುಹಿಸುವುದಿಲ್ಲ. ಆದರೆ ಒಡೆಯನದೇ ಆದ ಅಪರಾಧಗಳು ಕೆಲವು ಉಂಟು. ಲೈಸೆನ್ಸಿಲ್ಲದವನಿಗೆ ಗಾಡಿಯನ್ನು ಕೊಟ್ಟ ಒಡೆಯನಿಗೆ ೧೮೦ನೆಯ ಕಲಮಿನಂತೆ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ ೫,೦೦೦ ರೂಪಾಯಿ ಜುಲ್ಮಾನೆ, ಇಲ್ಲವೆ ಎರಡೂ ಆಗಬಹುದು. ಗೆಳೆಯನು ತಾನು ಓಡಿಸದೆ ಹದಿನೆಂಟು ತುಂಬದ ತನ್ನ ಮಗನಿಗೆ ಕೊಡುವನೆಂದು ತಿಳಿದೂ ಕೊಟ್ಟರೆ ಸಂಗತಿಯು ಇನ್ನೂ ಗಹನವಾಗುತ್ತದೆ. ೨೦೧೯ರಲ್ಲಿ ಸೇರಿದ ೧೯೯-ಎ ಕಲಮಿನ ಪ್ರಕಾರ, ಅಪ್ರಾಪ್ತನು ಎಸಗಿದ ಅಪರಾಧಕ್ಕೆ ಅವನ ಪೋಷಕನೂ ಗಾಡಿಯ ಒಡೆಯನೂ ಮೂರು ವರ್ಷದವರೆಗಿನ ಸೆರೆವಾಸಕ್ಕೂ ೨೫,೦೦೦ ರೂಪಾಯಿ ಜುಲ್ಮಾನೆಗೂ ಗುರಿಯಾಗುತ್ತಾರೆ. ಗಾಡಿಯ ನೋಂದಣಿಯು ಹನ್ನೆರಡು ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸು ದೊರೆಯುವುದಿಲ್ಲ. ತನಗೆ ತಿಳಿಯದೆ ನಡೆಯಿತೆಂದೋ, ತಡೆಯಲು ತಕ್ಕ ಪ್ರಯತ್ನ ಮಾಡಿದೆನೆಂದೋ ರುಜುವಾತುಪಡಿಸಿದರೆ ಮಾತ್ರ ಒಡೆಯನಿಗೆ ಬಿಡುಗಡೆ. ರುಜುವಾತಿನ ಭಾರವು ಅವನ ಮೇಲೆಯೇ.

ಅಪರಾಧವಾದಾಗ ಗಾಡಿಯನ್ನು ಓಡಿಸುತ್ತಿದ್ದವನ ಹೆಸರು, ವಿಳಾಸ, ಲೈಸೆನ್ಸಿನ ವಿವರಗಳನ್ನು ಪೋಲೀಸು ಅಧಿಕಾರಿಯು ಕೇಳಿದರೆ ಒಡೆಯನು ಹೇಳಲೇಬೇಕು. ಇದು ೧೩೩ನೆಯ ಕಲಮು. ‘ಯಾರೋ ಗೆಳೆಯರು ಒಯ್ದಿದ್ದರು’ ಎಂಬ ಉತ್ತರವು ಸಾಲದು. ಅಪಘಾತವಿಲ್ಲದೆಯೂ ಈ ಮಾತಿನ ಅನುಭವವು ಅನೇಕರಿಗೆ ಆಗುತ್ತಿದೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ನಿಲ್ಲಿಸಿರುವ ಕ್ಯಾಮರಾಗಳು ವೇಗ ಮೀರಿದ ಗಾಡಿಯ ಸಂಖ್ಯೆಯನ್ನು ಹಿಡಿಯುತ್ತವೆ. ಸಂಖ್ಯೆಯು ನೋಂದಣಿಯ ಪುಸ್ತಕವನ್ನು ತೋರಿಸುತ್ತದೆ. ಪುಸ್ತಕವು ದೇವದತ್ತನನ್ನು ತೋರಿಸುತ್ತದೆ. ಮದುವೆಯೂಟ ಉಂಡವನು ಯಜ್ಞದತ್ತ, ದಂಡದ ಓಲೆ ಬಂದದ್ದು ದೇವದತ್ತನಿಗೆ.

ಇಲ್ಲಿಯವರೆಗೆ ಕೇಳಿದವರಿಗೆ ನಮ್ಮ ನಾಡಿನ ಗಾದೆಯೊಂದು ನೆನಪಿಗೆ ಬಂದಿರಬೇಕು: ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.’ ಆದರೆ ಮೂರನೆಯ ಪ್ರಶ್ನೆಯ ಉತ್ತರವನ್ನು ನೋಡಿದರೆ, ಇಸಿದುಕೊಂಡವನು ವೀರಭದ್ರನೇನೂ ಅಲ್ಲವೆಂಬುದು ಗೊತ್ತಾಗುತ್ತದೆ. ಇದನ್ನು ತಿಳಿಸತಕ್ಕ ಮೊಕದ್ದಮೆಯು ಕರ್ನಾಟಕದ್ದೇ, ಕಲ್ಪಿತವಲ್ಲ, ನಡೆದದ್ದು.

ಒಬ್ಬ ತರುಣನು ಪರಿಚಿತನೊಬ್ಬನಿಂದ ಮೋಟಾರು ಸೈಕಲ್ಲನ್ನು ಎರವಲು ಪಡೆದು ಇಲಕಲ್ಲಿನಿಂದ ತನ್ನ ಊರಿಗೆ ಹೊರಟನು. ಇಲಕಲ್-ಕುಷ್ಟಗಿ ಹೆದ್ದಾರಿಯಲ್ಲಿ ಅವನ ಮುಂದೆ ಕಬ್ಬಿಣದ ತಗಡುಗಳನ್ನು ಹೇರಿಕೊಂಡ ಎತ್ತಿನ ಗಾಡಿಯೊಂದು ಹೋಗುತ್ತಿದ್ದಿತು. ಗಾಡಿಯು ಥಟ್ಟನೆ ನಿಂತಿತು. ತರುಣನು ಅದಕ್ಕೆ ತಗುಲಿ ತೀವ್ರವಾಗಿ ಗಾಯಗೊಂಡು ಆಸ್ಪತ್ರೆಯ ದಾರಿಯಲ್ಲಿ ಮೃತನಾದನು. ಅವನ ಮನೆಯವರು, ಯಾರ ತಪ್ಪೆಂದು ಸ್ಥಾಪಿಸಬೇಕಾಗಿಲ್ಲದೆ ಪರಿಹಾರ ಕೊಡುತ್ತಿದ್ದ ೧೬೩-ಎ ಎಂಬ ಅಂದಿನ ಕಲಮಿನ ಮೇರೆಗೆ, ಮೋಟಾರು ಸೈಕಲ್ಲಿನ ವಿಮಾ ಕಂಪನಿಯಿಂದ ಪರಿಹಾರವನ್ನು ಬೇಡಿದರು. ೨೦೦೯ರಲ್ಲಿ ಸುಪ್ರೀಂ ಕೋರ್ಟು ಆ ಕಲಮಿನ ಕೆಳಗೆ ಅವರಿಗೆ ಪರಿಹಾರವು ಸಲ್ಲದೆಂದು ಹೇಳಿತು. ಕಾರಣವಿಷ್ಟು: ಅನ್ಯರ ಹಾನಿಗೆಂದು ಮಾಡಿಸಿದ ವಿಮೆಯಲ್ಲಿ ಒಡೆಯನೇ ‘ಅನ್ಯ’ನಾಗಲಾರನು, ಗಾಡಿಯನ್ನು ಎರವಲು ಪಡೆದವನು ಆ ಹೊತ್ತಿಗೆ ಒಡೆಯನ ಪಾದರಕ್ಷೆಯೊಳಗೆ ಕಾಲಿಟ್ಟವನು, ಒಡೆಯನಿಗೆ ದೊರೆಯದ್ದು ಅವನಿಗೂ ದೊರೆಯದು. ೨೦೨೦ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಈ ತತ್ತ್ವವನ್ನು ಮತ್ತೆ ಎತ್ತಿ ಹಿಡಿಯಿತು.

ಇದರ ಅರ್ಥವನ್ನು ನಾವು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಎರವಲಿನ ಗಾಡಿಯಲ್ಲಿ ಹೋಗಿ, ಮತ್ತೊಬ್ಬರ ತಪ್ಪೇನೂ ಇಲ್ಲದೆ ತಾನಾಗಿ ಮರಕ್ಕೋ ನಿಂತ ಗಾಡಿಗೋ ತಗುಲಿ ಪೆಟ್ಟು ತಿಂದವನಿಗೆ, ಆ ಗಾಡಿಯ ಅನ್ಯರಕ್ಷಣೆಯ ವಿಮೆಯಿಂದ ಏನೂ ಬರುವಂತಿಲ್ಲ. ಒಡೆಯನು ತಾನೇ ಓಡಿಸುವಾಗ ಮಡಿದರೆ ಅವನ ಮನೆಯವರಿಗೆ ೧೫ ಲಕ್ಷ ರೂಪಾಯಿ ಸಲ್ಲುವ ವೈಯಕ್ತಿಕ ಅಪಘಾತ ವಿಮೆಯೊಂದು ೨೦೧೮ರಿಂದ ಏರ್ಪಟ್ಟಿದೆ. ಆದರೆ ಅದರ ಹೆಸರೇ ಹೇಳುವಂತೆ ಅದು ಒಡೆಯ-ಚಾಲಕನಿಗೆ, ಎರವಲುಗಾರನಿಗಲ್ಲ. ಹೀಗೆ ಮಿತ್ರನು ಒಡೆಯನ ಸ್ಥಾನದ ಭಾರವನ್ನು ಹೊರುತ್ತಾನೆ. ಆ ಸ್ಥಾನಕ್ಕಿರುವ ಆಸರೆಯು ಅವನಿಗಿಲ್ಲ. ಕಬ್ಬಿನ ಗಾಡಿಗಳು ಸಾಲಾಗಿ ಹೋಗುವ ಮದ್ದೂರು-ಮಳವಳ್ಳಿ ದಾರಿಯಲ್ಲಿ ಸಂಜೆ ಹೊರಟ ಯಜ್ಞದತ್ತನನ್ನು ಈಗ ನೆನೆದುಕೊಳ್ಳಿ. ದೇವದತ್ತನು ಕೊಟ್ಟದ್ದು ಬರಿಯ ಸೌಕರ್ಯವೆಂದು ಇಬ್ಬರೂ ತಿಳಿದಿದ್ದರು. ಕೊಟ್ಟದ್ದು ಒಂದು ಅಪಾಯವನ್ನೂ ಅಹುದು. ಮಿತ್ರನ ಮೇಲೆ ನಿಜವಾದ ವಿಶ್ವಾಸವಿದ್ದರೆ, ‘ನಿನಗೆ ಸ್ವಂತ ಅಪಘಾತ ವಿಮೆ ಇದೆಯೆ?’ ಎಂದು ಕೇಳುವುದು ಅನುಮಾನದ ಮಾತಲ್ಲ, ಅಕ್ಕರೆಯ ಮಾತು.

ಮಿತ್ರರಿಬ್ಬರಿಗೇ ಪರಸ್ಪರವಿರುವ ಹೊಣೆಯನ್ನು ೧೮೭೨ರ ಕರಾರು ಕಾಯಿದೆಯು ಹೇಳುತ್ತದೆ. ಆಗ ಮೋಟಾರು ಇರಲಿಲ್ಲವಾದ್ದರಿಂದ ಅದರ ದೃಷ್ಟಾಂತಗಳು ಕುದುರೆಯವು. ಒಬ್ಬನು ತನ್ನ ಕುದುರೆಯು ದುಷ್ಟವೆಂದು ತಿಳಿದಿದ್ದೂ ಹೇಳದೆ ಗೆಳೆಯನಿಗೆ ಕೊಡುತ್ತಾನೆ, ಅದು ಬೆದರಿ ಓಡಿ ಸವಾರನನ್ನು ಕೆಡವುತ್ತದೆ, ಕೊಟ್ಟವನು ಹೊಣೆ. ಇನ್ನೊಬ್ಬನು ‘ನೀನು ಮಾತ್ರ ಸವಾರಿ ಮಾಡು’ ಎಂದು ಕೊಡುತ್ತಾನೆ, ಪಡೆದವನು ಅದನ್ನು ತನ್ನ ಮನೆಯವನೊಬ್ಬನಿಗೆ ಕೊಡುತ್ತಾನೆ, ಆತನು ಎಚ್ಚರಿಕೆಯಿಂದಲೇ ಸವಾರಿ ಮಾಡಿದರೂ ಕುದುರೆಯು ಅಕಸ್ಮಾತ್ತಾಗಿ ಬಿದ್ದು ಗಾಯಗೊಳ್ಳುತ್ತದೆ, ಕೊಂಡುಹೋದವನು ಹೊಣೆ. ಕುದುರೆಯ ಸ್ಥಾನದಲ್ಲಿ ಕಾರನ್ನು ಇಟ್ಟರೆ ಅರ್ಥವು ಸ್ಪಷ್ಟ. ಬ್ರೇಕು ಸಡಿಲವಾಗಿದೆಯೆಂದು ತಿಳಿದಿದ್ದರೆ ದೇವದತ್ತನು ಬಾಯಿಬಿಟ್ಟು ಹೇಳಬೇಕು. ಕೀಲಿಕೈಯನ್ನು ಮೂರನೆಯವನಿಗೆ ದಾಟಿಸಬಾರದೆಂದು ಹೇಳಿದ್ದರೆ ಯಜ್ಞದತ್ತನು ದಾಟಿಸಬಾರದು.

ಇನ್ನು ‘ಕೊಟ್ಟೆವು’ ಎಂಬುದರ ಎರಡನೆಯ ಅರ್ಥ: ಎರವಲಲ್ಲ, ಪೂರ್ತಿಯಾಗಿ ಕೊಟ್ಟುಬಿಟ್ಟದ್ದು. ಹೊಸ ಕಾರು ಬಂದಿತು. ಹಳೆಯದನ್ನು ಗೆಳೆಯನಿಗೆ ಕೊಟ್ಟೆವು. ಬೆಲೆ ಬಂದಿತು, ಇಲ್ಲವೆ ಸ್ನೇಹಕ್ಕೆಂದು ಬಿಟ್ಟೆವು. ‘ಕಾಗದ ಪತ್ರ ನಿಧಾನವಾಗಿ ಮಾಡಿಸಿಕೊ’ ಎಂದೆವು. ಗೆಳೆಯನು ನಿಧಾನವನ್ನೇ ಮಾಡಿದನು. ಇದೇ ಎಲ್ಲಕ್ಕಿಂತ ಅಪಾಯಕರವಾದ ಕೊಡುಗೆ. ಎರವಲು ಕೊಟ್ಟವನು ಕಾರು ಎಲ್ಲಿದೆಯೆಂದು ಸಂಜೆಗೆ ವಿಚಾರಿಸುತ್ತಾನೆ, ವಿಮೆಯ ಅವಧಿಯನ್ನು ನೆನಪಿಟ್ಟುಕೊಂಡಿರುತ್ತಾನೆ. ಕೊಟ್ಟುಬಿಟ್ಟವನು ಎರಡನ್ನೂ ಮರೆಯುತ್ತಾನೆ.

೧೯೩೯ರ ಕಾಯಿದೆಯು ‘ಒಡೆಯ’ ಎಂಬ ಮಾತಿಗೆ ಕೊಟ್ಟ ಅರ್ಥದಲ್ಲಿ ನೋಂದಣಿಯ ಪುಸ್ತಕವನ್ನು ಸೇರಿಸಿರಲಿಲ್ಲ. ೧೯೮೮ರ ಕಾಯಿದೆಯು ಅದನ್ನು ಬದಲಾಯಿಸಿತು: ಯಾರ ಹೆಸರಿನಲ್ಲಿ ಗಾಡಿಯು ನೋಂದಣಿಯಾಗಿದೆಯೋ ಅವನೇ ಒಡೆಯ. ಕಂತಿನ ಕರಾರು ಮೊದಲಾದ ಕೆಲವು ಸಂದರ್ಭಗಳಲ್ಲಿ ಮಾತ್ರ ಗಾಡಿಯು ಯಾರ ವಶದಲ್ಲಿದೆಯೋ ಅವನು ಒಡೆಯ. ಇದರ ಫಲವು ೨೦೧೮ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ನಿರ್ಣಯದಲ್ಲಿ ಕಾಣುತ್ತದೆ. ಒಬ್ಬನು ೨೦೦೭ರಲ್ಲಿ ತನ್ನ ಕಾರನ್ನು ಮಾರಿದನು. ಕೊಂಡವನು ಮತ್ತೊಬ್ಬನಿಗೆ, ಅವನು ಮಗುದೊಬ್ಬನಿಗೆ, ಅವನು ಇನ್ನೊಬ್ಬನಿಗೆ, ಹೀಗೆ ಕಾರು ಕೈಯಿಂದ ಕೈಗೆ ಹೋಯಿತು. ಪುಸ್ತಕದಲ್ಲಿ ಮಾತ್ರ ಮೊದಲಿನವನ ಹೆಸರೇ ಉಳಿಯಿತು. ೨೦೦೯ರಲ್ಲಿ ಆ ಕಾರಿನಿಂದ ಅಪಘಾತವಾಗಿ ಒಂದು ಜೀವ ಹೋಯಿತು. ಎರಡು ವರ್ಷದ ಹಿಂದೆಯೇ ಮಾರಿ ಕೈ ತೊಳೆದುಕೊಂಡೆನೆಂದು ಭಾವಿಸಿದ್ದ ಮೊದಲನೆಯವನೇ ಹೊಣೆಯೆಂದು ನ್ಯಾಯಾಲಯವು ನಿರ್ಣಯಿಸಿತು. ಪೆಟ್ಟು ತಿಂದವರು ಗಾಡಿಯ ಹಿಂದೆ ಇರುವ ಮಾರಾಟಗಳ ಸರಪಳಿಯನ್ನು ಹುಡುಕುತ್ತ ಅಲೆಯುವಂತಾಗಬಾರದು. ಅವರಿಗೆ ಕಾಣಿಸುವುದು ಸಂಖ್ಯೆ, ಸಂಖ್ಯೆಯ ಹಿಂದಿರುವ ಹೆಸರು. ಕಠಿಣವೆಂದು ತೋರಿದರೂ ಈ ನಿಯಮವು ಅನ್ಯಾಯದ್ದಲ್ಲ. ಹೆಸರನ್ನು ಬದಲಾಯಿಸುವುದು ಮಾರಿದವನ ಕೈಯಲ್ಲಿತ್ತು; ರಸ್ತೆಯಲ್ಲಿ ನಡೆಯುತ್ತಿದ್ದವರ ಕೈಯಲ್ಲಿ ಏನೂ ಇರಲಿಲ್ಲ.

ಪರಿಹಾರವು ಬಹಳ ಸುಲಭವಾದದ್ದು. ಮಾರಿದವನು, ಅಥವಾ ದಾನ ಕೊಟ್ಟವನು, ಅದೇ ರಾಜ್ಯದೊಳಗಾದರೆ ಹದಿನಾಲ್ಕು ದಿನದೊಳಗೆ ಸಾರಿಗೆ ಅಧಿಕಾರಿಗೆ ವರದಿ ಮಾಡಬೇಕು. ಪಡೆದವನು ಮೂವತ್ತು ದಿನದೊಳಗೆ ತನ್ನ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ೫೦ನೆಯ ಕಲಮು ಹೇಳುವ ಈ ಕೆಲಸಕ್ಕೆ ೨೯ ಮತ್ತು ೩೦ನೆಯ ಸಂಖ್ಯೆಯ ನಮೂನೆಗಳಿವೆ. ಕಾರನ್ನು ಕೊಟ್ಟಾಗ ಅದರ ವಿಮೆಯು ಅನ್ಯರ ರಕ್ಷಣೆಯ ಮಟ್ಟಿಗೆ ಪಡೆದವನಿಗೆ ದಾಟಿದಂತೆ ೧೫೭ನೆಯ ಕಲಮು ಭಾವಿಸುತ್ತದೆ. ಆದರೂ ಅವನು ಹದಿನಾಲ್ಕು ದಿನದೊಳಗೆ ಕಂಪನಿಗೆ ಬರೆದು ಹೆಸರನ್ನು ತಿದ್ದಿಸಿಕೊಳ್ಳಬೇಕು. ಮಂಡ್ಯದ ಸಾರಿಗೆ ಕಚೇರಿಯ ಬಾಗಿಲಿಗೆ ಗೆಳೆಯನೊಡನೆ ಒಂದು ಬೆಳಿಗ್ಗೆ ಹೋಗಿ ಬಂದರೆ ಮುಗಿಯುವ ಕೆಲಸಕ್ಕಾಗಿ, ಎಷ್ಟೋ ವರ್ಷದ ಸ್ನೇಹವನ್ನೂ ಎಷ್ಟೋ ವರ್ಷದ ಉಳಿತಾಯವನ್ನೂ ಒತ್ತೆಯಿಡುವುದು ವಿವೇಕವೆ?

ಇಷ್ಟನ್ನು ಕೇಳಿದ ಮೇಲೆ, ಯಾರಿಗೂ ಕಾರು ಕೊಡದಿರುವುದೇ ಲೇಸೆಂದು ಯಾರಾದರೂ ತೀರ್ಮಾನಿಸಿದರೆ ನಮ್ಮ ಮಾತು ವ್ಯರ್ಥವಾಯಿತೆಂದೇ ಹೇಳಬೇಕು. ಅಡಚಣೆಯ ಹೊತ್ತಿನಲ್ಲಿ ಗೆಳೆಯನಿಗಾಗದ ಕಾರು ಇದ್ದರೇನು, ಬಿಟ್ಟರೇನು? ಮಂಡ್ಯದಲ್ಲಿ ನಡುರಾತ್ರಿ ಒಬ್ಬ ಗರ್ಭಿಣಿಯನ್ನು ಆಸ್ಪತ್ರೆಗೆ ಕೊಂಡೊಯ್ಯಬೇಕಾದಾಗ ಕಲಮುಗಳನ್ನು ಎಣಿಸುತ್ತ ಕೂಡುವವನು ಮನುಷ್ಯನೆನಿಸನು. ನಾವು ಹೇಳುವುದು ಇಷ್ಟೆ. ವಿಮೆಯ ಅವಧಿಯನ್ನು ನಾವೇ ನೋಡಿಕೊಂಡಿರಬೇಕು. ಲೈಸೆನ್ಸನ್ನು ಒಮ್ಮೆ ಕೇಳಿ ನೋಡಬೇಕು. ಗಾಡಿಯ ದೋಷವಿದ್ದರೆ ಹೇಳಬೇಕು. ಬೇರೆಯವರ ಕೈಗೆ ಕೊಡಬೇಡವೆಂದು ಹೇಳಬೇಕು. ಪೂರ್ತಿಯಾಗಿ ಕೊಟ್ಟರೆ ಹೆಸರನ್ನೂ ಕೂಡಲೇ ಕೊಟ್ಟುಬಿಡಬೇಕು. ಈ ಐದು ಮಾತುಗಳನ್ನಾಡಲು ಐದು ನಿಮಿಷ ಹಿಡಿಯದು. ಸಂಕೋಚವೆಂಬುದೊಂದೇ ಅಡ್ಡಿ.

ಆ ಸಂಕೋಚವು ಬಂದಾಗ ಮದ್ದೂರಿನಾಚೆಯ ದಾರಿಯಲ್ಲಿ ಬೈಸಿಕಲ್ಲು ತುಳಿಯುತ್ತ ಮನೆಗೆ ಮರಳುವವನನ್ನು ನೆನೆದುಕೊಳ್ಳೋಣ. ದೇವದತ್ತನೂ ಯಜ್ಞದತ್ತನೂ ಒಬ್ಬರನ್ನೊಬ್ಬರು ಬಲ್ಲರು, ಒಬ್ಬರನ್ನೊಬ್ಬರು ನಂಬಿದರು. ಅವನು ಅವರಿಬ್ಬರನ್ನೂ ಅರಿಯನು. ಅವರ ಸ್ನೇಹದಲ್ಲಿ ಅವನಿಗೆ ಪಾಲಿಲ್ಲ. ಆದರೆ ಅವರು ನಂಬಿಕೆಯಿಂದ ಮಾಡಿದ ಆ ಸಣ್ಣ ವ್ಯವಹಾರದಲ್ಲಿ ಅವನ ಕೈಕಾಲುಗಳೂ ಅವನ ಮಕ್ಕಳ ಅನ್ನವೂ ಪಣವಾಗಿದ್ದುವು. ಕಾಯಿದೆಯು ಕೇಳುವ ಕಾಗದಪತ್ರಗಳೆಲ್ಲ, ತುಸು ನಿದಾನಿಸಿ ನೋಡಿದರೆ, ಆ ಅಪರಿಚಿತನಿಗೆ ನಾವು ಕೊಡಬೇಕಾದ ಮರ್ಯಾದೆಯೇ ಸರಿ.